ಮೌನವೆಂಬ ಆಶ್ರಯ: ‘ದಿ ಆರ್ಟಿಸ್ಟ್’ ಚಿತ್ರದ ವಿವೇಚನೆ

ಧ್ವನಿ ಮತ್ತು ವರ್ಣಗಳ ಸಕಲ ಸೌಲಭ್ಯಗಳೂ ಲಭ್ಯವಿದ್ದ 2011ರಲ್ಲಿ ಫ್ರೆಂಚ್ ನಿರ್ದೇಶಕ ಮಿಶೆಲ್ ಹಜಾನವೀಸಿಯಸ್ ಅವರು ‘ದಿ ಆರ್ಟಿಸ್ಟ್’ ಎಂಬ ಕಪ್ಪು-ಬಿಳುಪಿನ ಮೂಕಿಚಿತ್ರವನ್ನು ರೂಪಿಸಿದರು. 2012ರಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ, ನಾಯಕನಟ ಪ್ರಶಸ್ತಿಗಳೂ ಸೇರಿದಂತೆ ಐದು ಆಸ್ಕರ್‌ಗಳು ಸಂದವು. ಈ ಯಶಸ್ಸನ್ನು ಗತಕಾಲದ ಹಂಬಲವೆಂದಷ್ಟೇ ವಿವರಿಸುವುದು ಸುಲಭ. ಆದರೆ ಚಿತ್ರದ ಆಕರ್ಷಣೆಯ ಮೂಲ ಬೇರೆಡೆ ಇದೆ.

ಹಳೆಯ ರೂಪದ ಅನುಕರಣೆಯಲ್ಲಿ ಚಿತ್ರ ನಿಷ್ಠೆ ತೋರಿರುವುದು ನಿಜ. ವರ್ಣದ ಫಿಲ್ಮಿನಲ್ಲಿ ಚಿತ್ರೀಕರಿಸಿ ಕಪ್ಪು-ಬಿಳುಪಿಗೆ ಪರಿವರ್ತಿಸಲಾಯಿತು. ಪರದೆಯ ಅಳತೆ ಹಳೆಯ ಚಿತ್ರಗಳಂತೆ ಹೆಚ್ಚುಕಡಿಮೆ ಚೌಕಾಕಾರವಾಗಿದೆ. ಸೆಕೆಂಡಿಗೆ 22 ಫ್ರೇಮ್‌ಗಳಂತೆ ಸೆರೆಹಿಡಿದು 24ರ ವೇಗದಲ್ಲಿ ತೋರಿಸಿದ್ದರಿಂದ ನಟರ ಚಲನೆಗೆ ಆ ಕಾಲದ ಚುರುಕು ಬಂದಿದೆ. ಆದರೆ ಇವೆಲ್ಲ ವೇಷ ಮಾತ್ರ.

ಕನ್ನಡ ಪ್ರೇಕ್ಷಕರಿಗೆ ಇಲ್ಲಿ 1987ರ ‘ಪುಷ್ಪಕ ವಿಮಾನ’ ನೆನಪಾಗುವುದು ಸಹಜ. ಬೆಂಗಳೂರಿನಲ್ಲಿ ಚಿತ್ರಿತವಾದ ಸಿಂಗೀತಂ ಶ್ರೀನಿವಾಸರಾವ್ ಅವರ ಆ ವರ್ಣಚಿತ್ರದಲ್ಲಿ ಮಾತಿಲ್ಲ, ಆದರೆ ಲೋಕದ ಸದ್ದುಗಳಿವೆ. ಅದು ಸಂಭಾಷಣಾರಹಿತ ಚಿತ್ರ. ‘ದಿ ಆರ್ಟಿಸ್ಟ್’ನಲ್ಲಿ ಹಿನ್ನೆಲೆ ಸಂಗೀತವಿದ್ದರೂ ಲೋಕವೇ ನಿಶ್ಶಬ್ದ. ಆದ್ದರಿಂದಲೇ ಒಂದು ಸದ್ದೂ ಅಲ್ಲಿ ಘಟನೆಯಾಗಬಲ್ಲುದು.

ಕಥೆ 1927ರಿಂದ 1932ರ ಹಾಲಿವುಡ್‌ನದು. ವಾಕ್ಚಿತ್ರವನ್ನು ತಿರಸ್ಕರಿಸಿದ ತಾರೆ ಜಾರ್ಜ್ ವ್ಯಾಲೆಂಟಿನ್ ಕನಸೊಂದನ್ನು ಕಾಣುತ್ತಾನೆ. ಮೇಜಿನ ಮೇಲಿಟ್ಟ ಗಾಜಿನ ಲೋಟ ಸದ್ದು ಮಾಡುತ್ತದೆ, ನಾಯಿ ಬೊಗಳುತ್ತದೆ, ಹುಡುಗಿಯರು ನಗುತ್ತಾರೆ. ಅವನ ಬಾಯಿಂದ ಮಾತ್ರ ಸ್ವರ ಹೊರಡದು. ಕೊನೆಗೆ ನೆಲಕ್ಕೆ ಬಿದ್ದ ಗರಿಯೊಂದು ಸ್ಫೋಟದಂತೆ ಗರ್ಜಿಸುತ್ತದೆ. ಸದಾ ಸದ್ದಿನಲ್ಲೇ ಮುಳುಗಿರುವ ಪ್ರೇಕ್ಷಕನು ಶಬ್ದದ ಭಯವನ್ನು ಹೊಸದಾಗಿ ಅನುಭವಿಸುವುದು ಇಲ್ಲಿಯೇ.

ಚಿತ್ರದ ದೌರ್ಬಲ್ಯವೂ ಶಕ್ತಿಯೂ ಆತ್ಮಹತ್ಯೆಯ ಯತ್ನದ ದೃಶ್ಯದಲ್ಲಿ ಒಟ್ಟಿಗೆ ಕಾಣುತ್ತವೆ. ಹಿಚ್‌ಕಾಕ್‌ರ ‘ವರ್ಟಿಗೊ’ (1958) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ರಚಿಸಿದ ಸಂಗೀತವನ್ನು ಇಲ್ಲಿ ಬಳಸಲಾಗಿದೆ. ಸ್ವಂತ ಬಿಂಬಗಳೇ ಹೊರಬೇಕಿದ್ದ ಭಾರವನ್ನು ಎರವಲು ಭಾವ ಹೊರುತ್ತದೆ. ಆದರೆ ಮರುಕ್ಷಣವೇ ಪರದೆಯ ಮೇಲೆ ಸ್ಫೋಟಸೂಚಕ ಪದವೊಂದು ಮೂಡುತ್ತದೆ. ಪ್ರೇಕ್ಷಕ ಅದನ್ನು ಪಿಸ್ತೂಲಿನ ಸದ್ದೆಂದು ಓದುತ್ತಾನೆ. ಅದು ನಾಯಕಿಯ ಕಾರು ಮರಕ್ಕೆ ಅಪ್ಪಳಿಸಿದ ಸದ್ದು. ಸದ್ದು ಕಿವಿಗೆ ಬೀಳದಿರುವುದರಿಂದಲೇ ಈ ದ್ವಂದ್ವಾರ್ಥ ಸಾಧ್ಯವಾಗಿದೆ.

ಆರಂಭದ ದೃಶ್ಯದಲ್ಲಿ, ಚಿತ್ರದೊಳಗಿನ ಚಿತ್ರದಲ್ಲಿ, ಹಿಂಸೆಗೊಳಗಾದ ಜಾರ್ಜ್ ತಾನು ಮಾತಾಡುವುದಿಲ್ಲವೆಂದು ಪಟ್ಟುಹಿಡಿಯುತ್ತಾನೆ. ಅಂತ್ಯದಲ್ಲಿ ಅವನು ಆಡುವುದು ಎರಡೇ ಇಂಗ್ಲಿಷ್ ಪದಗಳನ್ನು, ಅದೂ ಢಾಳಾದ ಫ್ರೆಂಚ್ ಉಚ್ಚಾರಣೆಯಲ್ಲಿ. ಅಹಂಕಾರವೆಂದು ತೋರಿದ್ದ ಮೌನ ಪರಭಾಷಿಕನ ಆಶ್ರಯವೂ ಆಗಿತ್ತೆಂಬುದು ಆಗ ಹೊಳೆಯುತ್ತದೆ. ಮೊದಲ ಆಸ್ಕರ್ ಪಡೆದ ನಟ ಎಮಿಲ್ ಯಾನಿಂಗ್ಸ್ ಕೂಡ ವಾಕ್ಚಿತ್ರ ಬಂದಾಗ 1929ರಲ್ಲಿ ಜರ್ಮನಿಗೆ ಮರಳಿದ್ದರು. ಮೂಕಿಯುಗದಲ್ಲಿ ನಟನ ಮುಖಕ್ಕೆ ದೇಶಭಾಷೆಗಳ ಗಡಿಯಿರಲಿಲ್ಲ. ಮಾತು ಆ ಗಡಿಯನ್ನು ತಂದಿತು. ಈ ನಷ್ಟವನ್ನು ಅನುಭವವೇದ್ಯವಾಗಿಸಿರುವುದೇ ‘ದಿ ಆರ್ಟಿಸ್ಟ್’ ಚಿತ್ರದ ನಿಜವಾದ ಆಕರ್ಷಣೆ.