ಚೆಲುವು ತೊಟ್ಟಿಲ ಹೊರಗಿರಲಿ

ಜರ್ಮನಿಯ ವೈಮರ್‌ನಲ್ಲಿದ್ದ ಬೌಹೌಸ್ ಕಲಾಶಾಲೆಯ ವಿದ್ಯಾರ್ಥಿ ಪೀಟರ್ ಕೆಲರ್ 1922ರಲ್ಲಿ ಮಾಡಿದ ತೊಟ್ಟಿಲಿಗೆ ವಿನ್ಯಾಸಲೋಕದಲ್ಲಿ ಇವತ್ತಿಗೂ ದೊಡ್ಡ ಹೆಸರು. ಎರಡು ನೀಲಿ ವೃತ್ತಗಳ ನಡುವೆ ಕೆಂಪು, ಹಳದಿ ಹಲಗೆಗಳು ತ್ರಿಕೋನವಾಗಿ ಕೂಡಿವೆ. ಹಳದಿಗೆ ತ್ರಿಕೋನ, ಕೆಂಪಿಗೆ ಚೌಕ, ನೀಲಿಗೆ ವೃತ್ತ ಎಂಬ, ಆ ಶಾಲೆಯಲ್ಲಿ ಕಲಿಸುತ್ತಿದ್ದ ಚಿತ್ರಕಾರ ಕ್ಯಾಂಡಿನ್ಸ್ಕಿಯ ಪಾಠವನ್ನು ಕೆಲರ್ ಮರದಲ್ಲಿ ಕಟ್ಟಿದ. ಉರುಳಿದಾಗ ಮಗುಚದಿರಲಿ ಎಂದು ತಳದಲ್ಲಿ ಭಾರ ಇಟ್ಟ. ಅವನ ನಿಜವಾದ ಜಾಣ್ಮೆ ನನಗೆ ಕಾಣುವುದು ಬಣ್ಣಕ್ಕಿಂತ ಹೆಚ್ಚಾಗಿ ಆ ಭಾರದಲ್ಲೇ.

ಆದರೆ ಆ ತ್ರಿಕೋನದ ಚೂಪು ತುದಿ ಕೆಳಗಿದೆ. ಗೋಡೆಗಳು ಒಳಕ್ಕೆ ಇಳಿಜಾರಾಗುತ್ತ ಹೋಗುತ್ತವೆ. ನವಜಾತ ಶಿಶುವಿಗೆ ಬೇಕಾದದ್ದು ಗಟ್ಟಿಯಾದ ಸಮತಟ್ಟು ಹಾಸಿಗೆ. ಇಲ್ಲಿ ಹಾಸಿಗೆ ಆಕಾರಕ್ಕೆ ತಗ್ಗಿ ನಡೆಯಬೇಕು. ಕಲಾಕೃತಿಯಾಗಿ ಅದನ್ನು ಮೆಚ್ಚುತ್ತೇನೆ, ಮಗುವನ್ನು ರಾತ್ರಿಯಿಡೀ ಅದರಲ್ಲಿ ಮಲಗಿಸಲಾರೆ.

ಈಗಿನ ಡಿಸೈನರ್ ಕ್ರಿಬ್‌ಗಳ ತೊಂದರೆ ಬೇರೆ. ಅವುಗಳ ಚೌಕಟ್ಟು ಸಾಮಾನ್ಯವಾಗಿ ಸರಳವಾಗಿಯೇ ಇರುತ್ತದೆ. ಅಲಂಕಾರವೆಲ್ಲ ಒಳಗೆ ಸೇರಿಕೊಳ್ಳುತ್ತದೆ: ಸರಳುಗಳಿಗೆ ಕಟ್ಟಿದ ಮೆತ್ತನೆಯ ಬಂಪರ್, ಜಾಲರಿಯ ದಿಂಬು, ಮೇಲಿನಿಂದ ಇಳಿಬಿಟ್ಟ ಪರದೆ, ಮೂಲೆಯಲ್ಲೊಂದು ಗೊಂಬೆ. ಜಾಹೀರಾತಿನ ಚಿತ್ರದಲ್ಲಿ ಕಣ್ಣು ಸೆಳೆಯುವುದೂ ಇವೇ. ಇನ್ನೂ ಕತ್ತು ನಿಲ್ಲದ ಮಗುವಿನ ಮೂಗು ಮೆತ್ತೆಗೆ ಒತ್ತಿಕೊಂಡರೆ ಅದು ಮುಖ ಹೊರಳಿಸಿಕೊಳ್ಳಲಾರದು, ಕೂಗಲೂ ಆಗದು. ಅಮೆರಿಕ 2022ರಲ್ಲಿ ಕಾನೂನು ಮಾಡಿ ಇಂಥ ಬಂಪರ್‌ಗಳ ಮಾರಾಟವನ್ನೇ ನಿಷೇಧಿಸಿತು. ಬದಿಯನ್ನು ಕೆಳಕ್ಕೆ ಜಾರಿಸುವ ಕ್ರಿಬ್‌ಗಳು ಅಲ್ಲಿ 2011ರಲ್ಲೇ ನಿಂತವು. ಬಗ್ಗದೆ ಮಗುವನ್ನು ಎತ್ತಿಕೊಳ್ಳಲು ಬಾಣಂತಿಗೆ ಅದೊಂದು ನಿಜವಾದ ಅನುಕೂಲವಾಗಿತ್ತು. ಆದರೆ ಕೊಂಡಿ ಸಡಿಲವಾದರೆ ಬದಿ ಕಳಚಿ, ಆ ಸಂದಿನಲ್ಲಿ ಮಗು ಸಿಕ್ಕಿಕೊಳ್ಳುತ್ತಿತ್ತು. ಅನುಕೂಲವೆಂದು ಇಂಥದ್ದನ್ನು ಉಳಿಸಿಕೊಳ್ಳಲಾಗದು.

ಇಷ್ಟು ನೋಡಿದ ಮೇಲೆ ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲ ಮೇಲಿನ ನನ್ನ ಗೌರವ ಹೆಚ್ಚಿದೆ. ಅಲ್ಲಿನ ಚಿತ್ರಗಾರರು ಕೃಷ್ಣನ ಬಾಲಲೀಲೆಯನ್ನೂ ರಾಮಾಯಣದ ಪ್ರಸಂಗಗಳನ್ನೂ ಹೊರಮೈಯ ಹಲಗೆಗಳ ಮೇಲೆ ಬರೆಯುತ್ತಾರೆ. ತವರಿನವರು ಮಗಳ ಚೊಚ್ಚಲ ಮಗುವಿಗೆ ಕೊಡುವ ಇಂಥ ತೊಟ್ಟಿಲಲ್ಲಿ ಚಿತ್ರವೆಲ್ಲ ತೂಗುವವರ, ನೋಡಬಂದ ನೆಂಟರ ಕಣ್ಣಿಗೆ. ಒಳಗೆ ಬರೀ ಹಾಸಿಗೆ ಇದ್ದರೂ ತೊಟ್ಟಿಲಿನ ಚೆಲುವು ಒಂದಿಷ್ಟೂ ಕುಂದದು. ಕೆಲರ್‌ನಿಂದಲೂ ಇಂದಿನ ಮಳಿಗೆಗಳಿಂದಲೂ ಆಗದ್ದು ಇದು.

ಹಾಗೆಂದು ಹಳೆಯದೆಲ್ಲ ಸರಿ ಎನ್ನಲಾರೆ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಿದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಕಣ್ಣಳತೆಯಲ್ಲಿ ಕೂರಿಸಿದ ಸರಳುಗಳಿಗೆ ಅಳತೆಪಟ್ಟಿ ಹಿಡಿಯಲೇಬೇಕು. ಕೌದಿ ಮಡಿಸಿ ಮೆತ್ತಗೆ ಹಾಸುವ ರೂಢಿಯೂ ಒಳ್ಳೆಯದಲ್ಲ. ತೂಗುಬಿಟ್ಟ ಗಿಲಕಿಯ ದಾರ ಮಗುವಿನ ಕೈಗೆಟುಕಬಾರದು. ಮಗು ಮಗ್ಗುಲಾಗಲು ತೊಡಗಿತೆಂದರೆ, ಕೈ ಊರಿ ಎದೆ ಎತ್ತಿತೆಂದರೆ, ತೂಗುತೊಟ್ಟಿಲಿನ ಕೆಲಸ ಮುಗಿಯಿತು. ಬಣ್ಣದ ವಿಚಾರದಲ್ಲಂತೂ ಸಂಕೋಚವೇ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2017ರಿಂದ ಜಾರಿಯಲ್ಲಿದೆ. ಹಲ್ಲು ಬರುವ ಮಗು ಅಂಚನ್ನು ಕಚ್ಚಿಯೇ ಕಚ್ಚುತ್ತದೆ, ಆದ್ದರಿಂದ ಯಾವ ಬಣ್ಣವೆಂದು ಕೇಳಿಯೇ ಕೊಳ್ಳಬೇಕು.

ಅಪಾರ್ಟ್‌ಮೆಂಟಿನಲ್ಲಿ ತೊಟ್ಟಿಲು ಕಟ್ಟಲು ತೊಲೆಯಿಲ್ಲ. ಹಾಗಾಗಿ ಈಗ ತೊಟ್ಟಿಲು ಸ್ಟ್ಯಾಂಡಿಗೆ ಬಂದಿದೆ, ಆ ಸ್ಟ್ಯಾಂಡ್ ಕಿರಿದಾಗಿದ್ದರೆ ಅಣ್ಣನೋ ಅಕ್ಕನೋ ಜೋತುಬಿದ್ದಾಗ ವಾಲುತ್ತದೆ. ನಮ್ಮ ವಿನ್ಯಾಸಕಾರರು ದುಡಿಯಬೇಕಾದ ಜಾಗ ಇಲ್ಲಿದೆ: ಅಗಲ ಕಾಲಿನ ಗಟ್ಟಿ ಸ್ಟ್ಯಾಂಡ್, ಮಲಗಿದ ಹೊತ್ತಿನಲ್ಲಿ ತೂಗಾಟ ನಿಲ್ಲಿಸುವ ಒಂದು ಬೀಗ, ಅಂಚಿನಲ್ಲಿ ಎರಡು ಬೆರಳೂ ತೂರದಂತೆ ಅಳೆದು ಹೊಲಿಸಿದ ಹಾಸಿಗೆ. ಇವನ್ನೆಲ್ಲ ಕಲಘಟಗಿಯ ಚಿತ್ರಗಾರರ ಜೊತೆ ಕೂತು, ಅವರ ಒಂದು ಗೆರೆಯನ್ನೂ ಅಳಿಸದೆ ಮಾಡಬಹುದು.