ಪಡಸಾಲೆಯಲ್ಲಿ ಪರದೇಶದ ಚಿತ್ರಗಳು

ನಮ್ಮ ಜೇವರ್ಗಿ ಕಾಲೋನಿಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ರೊಟ್ಟಿ ಬಡಿಯುವ ಸದ್ದು ನಿಂತು ಬೀದಿಯೆಲ್ಲ ಮಲಗಿರುವ ಹೊತ್ತು. ಕಲಬುರಗಿಯ ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ. ಆ ಹೊತ್ತಿನಲ್ಲಿ ನಾವು ಐದಾರು ಮಂದಿ ಹೆಂಗಸರು ನಮ್ಮ ಪಡಸಾಲೆಯ ಟಿ.ವಿ. ಮುಂದೆ ಸೇರಿ ಪರದೇಶದ ಚಿತ್ರ ನೋಡುವ ಪರಿಪಾಠ ಇಟ್ಟುಕೊಂಡಿದ್ದೇವೆ. ಚಲನಚಿತ್ರೋತ್ಸವಗಳೆಲ್ಲ ಬೆಂಗಳೂರಿನಲ್ಲಿ. ಅದಕ್ಕಾಗಿ ರಜೆ ಹಾಕಿ ರಾತ್ರಿ ರೈಲು ಹತ್ತುವುದು ನಮ್ಮಂಥವರಿಗೆ ಆಗದ ಮಾತು. ಮಗಳು ಟಿ.ವಿ.ಗೆ ಹಚ್ಚಿಕೊಟ್ಟದ್ದೇ ನಮ್ಮ ಉತ್ಸವ. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕು. ವಾರವಿಡೀ ಪಾಠ ಹೇಳಿದ ಗಂಟಲಿಗೆ ಭಾನುವಾರವೂ ಬಿಡುವಿಲ್ಲ.

ಈಚೆಗೆ ನೋಡಿದ ನಾಲ್ಕು ಚಿತ್ರಗಳ ಬಗ್ಗೆ ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಜಪಾನಿನ ಓಜು ಅವರ 'ಟೋಕಿಯೋ ಸ್ಟೋರಿ', 1953ರದು. ಊರಿನಿಂದ ಮುದಿ ತಂದೆತಾಯಿ ಮಕ್ಕಳನ್ನು ನೋಡಲು ಟೋಕಿಯೋಗೆ ಬರುತ್ತಾರೆ. ಮಗ ಡಾಕ್ಟರು, ಮಗಳದು ಕೇಶಾಲಂಕಾರದ ಅಂಗಡಿ. ಇಬ್ಬರಿಗೂ ಪುರುಸೊತ್ತಿಲ್ಲ. ಅಪ್ಪ ಅಮ್ಮನಿಗೆಂದು ಗಂಡ ತಂದ ತಿಂಡಿಗೆ ಇಷ್ಟು ದುಡ್ಡೇಕೆ ಸುರಿದಿರಿ ಎಂದು ಮಗಳು ಗೊಣಗುತ್ತಾಳೆ. ಗಿರಾಕಿಯೊಬ್ಬಳು ಕೇಳಿದರೆ, ಇವರು ಊರ ಕಡೆಯ ಪರಿಚಯದವರು ಎಂದುಬಿಡುತ್ತಾಳೆ. ನಮ್ಮ ಪಡಸಾಲೆಯಲ್ಲಿ ಆಗ ಯಾರೂ ಮಾತಾಡಲಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಒಬ್ಬಳೇ ಅವರನ್ನು ಪ್ರೀತಿಯಿಂದ ಕಾಣುತ್ತಾಳೆ. ಒಳ್ಳೆಯ ಸೊಸೆ, ಕೆಟ್ಟ ಮಗಳು ಎಂಬ ಕಥೆಗಳು ನಮಗೆ ಹೊಸವಲ್ಲ. ಆದರೆ ಮಾವ ಹೊಗಳಿದಾಗ ನೊರಿಕೊ ಅದನ್ನು ಒಪ್ಪುವುದಿಲ್ಲ. ತಾನೂ ಸ್ವಾರ್ಥಿ, ಗಂಡನ ನೆನಪೇ ಬಾರದ ದಿನಗಳೂ ಇವೆ ಎನ್ನುತ್ತಾಳೆ. ಈ ಒಂದು ಮಾತಿನಿಂದ ಅವಳು ಆದರ್ಶದ ಗೊಂಬೆಯಾಗದೆ ಹೆಣ್ಣಾಗಿ ಉಳಿದಳು. ನಮ್ಮ ಧಾರಾವಾಹಿ ಬರೆಯುವವರು ಇದನ್ನು ನೋಡಿದ್ದರೆ ಚೆನ್ನಾಗಿತ್ತು.

ಎರಡನೆಯದು ಬೆಲ್ಜಿಯಮ್ಮಿನ ಶಾಂತಾಲ್ ಆಕರ್‌ಮನ್ ಎಂಬ ಹೆಣ್ಣುಮಗಳು 1975ರಲ್ಲಿ ಮಾಡಿದ 'ಜಾನ್ ಡೀಲ್ಮನ್'. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 2022ರಲ್ಲಿ ಅದರ ಮೊದಲ ಸ್ಥಾನ ಇದಕ್ಕೆ ಸಿಕ್ಕಿತು. ಹೆಂಗಸೊಬ್ಬಳ ಚಿತ್ರಕ್ಕೆ ಆ ಸ್ಥಾನ ಸಿಕ್ಕದ್ದು ಅದೇ ಮೊದಲು. ಮೂರು ಗಂಟೆ ಇಪ್ಪತ್ತು ನಿಮಿಷ ಒಬ್ಬ ವಿಧವೆ ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಮಡಚುತ್ತಾಳೆ. ಮಧ್ಯಾಹ್ನ ಹೊಟ್ಟೆಪಾಡಿಗಾಗಿ ಗಂಡಸರನ್ನು ಮನೆಗೆ ಬರಗೊಡುತ್ತಾಳೆ. "ಆಲೂಗಡ್ಡಿ ಸುಲಿಯೋದು ನೋಡ್ಲಾಕ ಸಿನಿಮಾ ಯಾಕ ಬೇಕ್ರಿ ಅಕ್ಕೋರ?" ಎಂದು ಎದುರು ಮನೆಯಾಕೆ ಎದ್ದು ಹೊರಟೇಬಿಟ್ಟಿದ್ದರು. ಆದರೆ ಎರಡನೆಯ ದಿನದ ಅಡುಗೆಯಲ್ಲಿ ಆಲೂಗಡ್ಡೆ ಅತಿಯಾಗಿ ಬೆಂದದ್ದನ್ನು ಮೊದಲು ಕಂಡವರೂ ಅವರೇ. "ಏನೋ ಆಗ್ಯಾದ ನೋಡ್ರಿ ಈಕಿಗೆ" ಎಂದು ಮತ್ತೆ ಕುಳಿತರು. ಪಂಡಿತರು ಪುಟಗಟ್ಟಲೆ ಬರೆದದ್ದು ಅವರಿಗೆ ಒಂದು ಪಾತ್ರೆಯಿಂದ ತಿಳಿಯಿತು. ಕೊನೆಗೆ ನಡೆಯುವ ಕೊಲೆ ಮಾತ್ರ ನನಗೆ ಹಿಡಿಸಲಿಲ್ಲ. ಬೆಂದುಹೋದ ಆಲೂಗಡ್ಡೆಯಲ್ಲೇ ಅವಳ ಬದುಕು ಕುಸಿದದ್ದು ಕಂಡಿತ್ತು, ರಕ್ತ ಬೇಕಿರಲಿಲ್ಲ. ಶ್ರೇಷ್ಠ ಚಿತ್ರವೆಂಬುದನ್ನು ಒಪ್ಪುತ್ತೇನೆ, ಮತ್ತೊಮ್ಮೆ ನೋಡಲಾರೆ.

ಮೂರನೆಯದು 'ವಜ್ದಾ'. ಸೌದಿ ಅರೇಬಿಯಾದ ಹೈಫಾ ಅಲ್ ಮನ್ಸೂರ್ ಅವರ 2012ರ ಚಿತ್ರ. ಆಗ ಆ ದೇಶದಲ್ಲಿ ಚಿತ್ರಮಂದಿರಗಳೇ ಇರಲಿಲ್ಲ. ಬೀದಿಯಲ್ಲಿ ಗಂಡಸರ ನಡುವೆ ನಿಂತು ಕೆಲಸ ಮಾಡುವಂತಿಲ್ಲದ್ದರಿಂದ ನಿರ್ದೇಶಕಿ ವ್ಯಾನಿನೊಳಗೆ ಕುಳಿತು ವಾಕಿಟಾಕಿಯಲ್ಲಿ ಚಿತ್ರೀಕರಣ ನಡೆಸಿದರಂತೆ. ಹಸಿರು ಸೈಕಲ್ಲು ಕೊಳ್ಳಬೇಕೆಂಬ ಹುಡುಗಿ ಹಣಕ್ಕಾಗಿ ಕುರಾನ್ ಪಠಣದ ಸ್ಪರ್ಧೆಗೆ ಸೇರಿ ಗೆಲ್ಲುತ್ತಾಳೆ. ಗೆದ್ದ ಹಣದಲ್ಲಿ ಸೈಕಲ್ಲು ಕೊಳ್ಳುತ್ತೇನೆಂದ ಕೂಡಲೇ ಮುಖ್ಯೋಪಾಧ್ಯಾಯಿನಿ ಆ ಹಣವನ್ನು ದಾನಕ್ಕೆ ಕೊಟ್ಟುಬಿಡುತ್ತಾಳೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರದ ಸೈಕಲ್ಲು ಬಂದಾಗ, ಪೆಡಲಿಗೆ ಕಾಲು ಎಟುಕದ ಹುಡುಗಿಯರೂ ಅದನ್ನು ತಳ್ಳಿಕೊಂಡೇ ಮೆರೆದದ್ದನ್ನು ಕಂಡಿದ್ದೇನೆ. ಆ ಸೈಕಲ್ಲು ಮನೆಯಲ್ಲಿ ಅಣ್ಣನ ಪಾಲಾದದ್ದನ್ನೂ ಕಂಡಿದ್ದೇನೆ. ಕಥೆ ಅಲ್ಲಲ್ಲಿ ಪಾಠದಂತೆ ನೇರ, ಆದರೆ ತಾಯಿ ಮಗಳ ದೃಶ್ಯಗಳು ಅಪ್ಪಟ. ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ.

ನಾಲ್ಕನೆಯದನ್ನು ನಾನು ಪೂರ್ತಿ ಓದಿ ಹೇಳಲಾಗಲಿಲ್ಲ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಅವರ 1987ರ ಚಿತ್ರ, 'ಗೆಳೆಯನ ಮನೆ ಎಲ್ಲಿದೆ?' ನೆಮತ್‌ಜಾದೆ ಎಂಬ ಹುಡುಗ ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಮನೆಗೆಲಸ ತಂದನೆಂದು ಮೇಷ್ಟ್ರು ಹಾಳೆ ಹರಿದು, ಇನ್ನೊಮ್ಮೆ ಹೀಗಾದರೆ ಶಾಲೆಯಿಂದ ತೆಗೆದುಹಾಕುತ್ತೇನೆ ಎನ್ನುತ್ತಾರೆ. ಅವನ ಪಕ್ಕದ ಅಹ್ಮದ್ ಮನೆಗೆ ಬಂದು ನೋಡಿದರೆ ಗೆಳೆಯನ ನೋಟ್‌ಬುಕ್ಕು ತನ್ನ ಚೀಲದಲ್ಲಿದೆ. ಅಮ್ಮನಿಗೆ ಹೇಳಿದರೆ ಕೇಳಿಸಿಕೊಳ್ಳುವುದಿಲ್ಲ. ಕೂಸು ತೂಗು, ಇದು ತಾ, ಅದು ತಾ, ಹೋಮ್‌ವರ್ಕ್ ಮಾಡು ಎನ್ನುತ್ತಲೇ ಇರುತ್ತಾಳೆ. ಅವನು ಗುಡ್ಡ ಹತ್ತಿ ಪಕ್ಕದ ಊರಿಗೆ ಓಡಿ ಮನೆ ಮನೆ ಹುಡುಕುತ್ತಾನೆ. ಮನೆ ಸಿಗುವುದಿಲ್ಲ. ರಾತ್ರಿ ಗೆಳೆಯನ ಪಾಠವನ್ನೂ ತಾನೇ ಬರೆಯುತ್ತಾನೆ. ಬೆಳಿಗ್ಗೆ ಮೇಷ್ಟ್ರು ಪುಟ ತಿರುವಿ, ಚೆನ್ನಾಗಿದೆ ಎನ್ನುತ್ತಾರೆ. ಹಾಳೆಯ ನಡುವೆ ಒಂದು ಹೂವಿದೆ.

ಕಮಲಾಪುರದ ಕಡೆಯ ಒಂದು ಶಾಲೆಯಲ್ಲಿ ನಾನಿದ್ದಾಗ ಒಬ್ಬ ಹುಡುಗ ಮೂರು ದಿನ ನೋಟ್‌ಬುಕ್ಕು ತರಲಿಲ್ಲ. ಮೂರು ದಿನವೂ ಅವನನ್ನು ಹೊರಗೆ ನಿಲ್ಲಿಸಿದೆ. ಯಾಕೆಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿದ್ದರೂ ಉತ್ತರಕ್ಕೆ ಕಾದಿರಲಾರೆ. ನಾಲ್ಕನೆಯ ದಿನ ಅವನು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅವನ ಮನೆ ಆ ಕೆಂಪು ಬಾಳೆಯ ತೋಟಗಳ ಆಚೆಗೆ ಎಲ್ಲೋ ಇತ್ತು. ನಾನು ಹುಡುಕಿಕೊಂಡು ಹೋಗಲಿಲ್ಲ. ಐದೂವರೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾಗುತ್ತಿತ್ತು ಎಂಬುದು ನಿಜ. ಆದರೆ ಎಂಟು ವರ್ಷದ ಹುಡುಗನೊಬ್ಬ ಅಷ್ಟು ಓಡಿದ್ದನ್ನು ನೋಡಿದ ಮೇಲೆ ಆ ಕಾರಣ ನನಗೇ ಸಣ್ಣದೆನಿಸಿತು. ಈ ಚಿತ್ರದ ಮೇಷ್ಟ್ರು ದುಷ್ಟನಲ್ಲ. ಶಿಸ್ತು ಕಲಿಸುವುದು ತನ್ನ ಕೆಲಸವೆಂದು ನಂಬಿದವನು. ಅದೇ ಚಿತ್ರದ ಶಕ್ತಿ. ಯಾರನ್ನೂ ಬೈಯದೆ ಎಲ್ಲರನ್ನೂ ಕೇಳುತ್ತದೆ. ಬಿ.ಎಡ್.ನಲ್ಲಿ ನಾವು ಓದಿದ ಮಕ್ಕಳ ಮನಶ್ಶಾಸ್ತ್ರದ ಜೊತೆಗೆ ಇದನ್ನೂ ತೋರಿಸಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

1990ರಲ್ಲಿ ಆ ಸೀಮೆಯಲ್ಲಿ ಭೂಕಂಪವಾಯಿತು. ಕಿಯಾರೊಸ್ತಮಿ ತಮ್ಮ ಚಿತ್ರದ ಹುಡುಗರನ್ನು ಹುಡುಕಿಕೊಂಡು ಹೋದರು; 1992ರಲ್ಲಿ ಅದರ ಮೇಲೆ ಇನ್ನೊಂದು ಚಿತ್ರ ಮಾಡಿದರು. 1993ರ ಕಿಲ್ಲಾರಿ ಭೂಕಂಪದ ನಡುಕವನ್ನು ಹಾಸಿಗೆಯಲ್ಲೇ ಅನುಭವಿಸಿದ ನಮಗೆ ಆ ಹುಡುಕಾಟ ದೂರದ್ದಲ್ಲ.

ಇಷ್ಟೆಲ್ಲ ದೇಶ ತಿರುಗಿದ ಮೇಲೆ ನಮ್ಮ ಮನೆಯದನ್ನೂ ಹೇಳಬೇಕು. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅಲ್ಲಿಯೂ ಯಾರೋ ಕೆಳಗಿನ ಸಾಲು ಓದುತ್ತ ನಮ್ಮ ಕನ್ನಡವನ್ನು ಕೇಳಿರಬೇಕು. ಬರುವ ಭಾನುವಾರ ಅದನ್ನೇ ನೋಡೋಣವೆಂದು ಎದುರು ಮನೆಯಾಕೆ ಹೇಳಿದ್ದಾರೆ. ಅಂದು ನಾನು ಓದಿ ಹೇಳುವ ಅಗತ್ಯವಿಲ್ಲ.