ಚೆನ್ನಾಗಿರೋ ಗಾಡಿಗೆ ಉದ್ಧಾರ ಯಾಕೆ?

ಹಳೇ ಪಿಕಪ್ ಗಾಡಿಯೊಂದರ ಆಯುಷ್ಯದಲ್ಲಿ ಅತಿ ಅಪಾಯದ ಕಾಲ ಯಾವುದು? ಗಣಿ ರಸ್ತೆಯಲ್ಲಿ ಕೆಂಪು ಧೂಳು ತಿಂದ ವರ್ಷಗಳಲ್ಲ. ಮೆಣಸಿನಕಾಯಿ ಚೀಲ ಮಿತಿಮೀರಿ ಹೊತ್ತ ಸುಗ್ಗಿ ದಿನಗಳೂ ಅಲ್ಲ. ಅದನ್ನು ಪ್ರೀತಿಯಿಂದಲೇ ಕೊಂಡುಕೊಂಡ ಹೊಸ ಮಾಲೀಕನ ಕೈಯಲ್ಲಿ ಕಳೆಯುವ ಮೊದಲ ಮೂರು ತಿಂಗಳು. ಆತನ ಹತ್ತಿರ ಬೋನಸ್ ದುಡ್ಡಿದೆ, ಫೋನಿನಲ್ಲಿ ನೂರಾರು ಮಾಡಿಫಿಕೇಶನ್ ವಿಡಿಯೊಗಳಿವೆ. ಹಳೇ ಗಾಡಿ ಓಡಿಸಿದ ಅನುಭವ ಮಾತ್ರ ಇನ್ನೂ ಇಲ್ಲ.

ಈ ಸಲ ವಿಮರ್ಶೆಗೆ ತಗೊಂಡಿರೋದು ಸಿನಿಮಾನೂ ಅಲ್ಲ, ಪುಸ್ತಕಾನೂ ಅಲ್ಲ, ಆ ವಿಡಿಯೊಗಳನ್ನೇ. ‘ಮೊದಲು ಹೀಗಿತ್ತು, ಈಗ ಹೀಗಿದೆ’ ಅನ್ನೋದು ಈಗ ಒಂದು ಪೂರ್ತಿ ಬೆಳೆದ ಕಥಾಪ್ರಕಾರ. ನಮ್ಮಂಥ ಆಫೀಸಿನವರು ರಾತ್ರಿ ಊಟ ಮಾಡ್ತಾ ನೋಡೋದು ಇದನ್ನೇ. ನೋಡಿದ್ದನ್ನೇ ಶನಿವಾರ ಗ್ಯಾರೇಜಿಗೆ ಹೋಗಿ ಮಾಡಿಸೋದು. ಹಾಗಾಗಿ ಇದನ್ನ ಬರೀ ಟೈಂಪಾಸ್ ಅಂತ ಬಿಡೋಕಾಗಲ್ಲ.

ಕಳೆದ ವರ್ಷ ನೋಡಿದ ಒಂದು ವಿಡಿಯೊ ನನ್ನೂರಿಗೇ ಸಂಬಂಧಪಟ್ಟಿದ್ದು. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೋದರೆ ತೋರಣಗಲ್ಲಿಗಿಂತ ಮುಂಚೆ ಸಿಗೋ ಗಾದಿಗನೂರು. ಅಲ್ಲಿನ ಹಿರಿಯ ರೈತರೊಬ್ಬರ ಹತ್ತಿರ 1993ರ ಟಾಟಾಮೊಬೈಲ್ ಪಿಕಪ್ ಇತ್ತು. ಬಿಳಿ ಬೋರ್ಡು, ಒಬ್ಬರೇ ಮಾಲೀಕರು, ಕಂಪನಿ ಬಣ್ಣ ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಬೆಂಗಳೂರಿನ ಹುಡುಗನೊಬ್ಬ ಕೊಂಡ. ಮೊದಲನೇ ಹಳೇ ಗಾಡಿ. ಮೂರು ತಿಂಗಳಲ್ಲಿ ಅದಕ್ಕೆ ಮ್ಯಾಟ್ ಕಪ್ಪು ಹೊದಿಕೆ, ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ತಲೆ ಮೇಲೆ ಎಲ್‌ಇಡಿ ಪಟ್ಟಿ, ಮುಂದೆ ಕಬ್ಬಿಣದ ಬಂಪರ್. ಕೊನೆಗೆ ಸಣಾಪುರ ಕೆರೆ ಪಕ್ಕ ಡ್ರೋನ್ ಶಾಟ್. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಹೆಸರೂ ಇಲ್ಲಿ ಬೇಕಿಲ್ಲ. ನನ್ನ ತಕರಾರು ಅವನು ಕಲಿತ ಕಥೆಯ ಮೇಲೆ.

ಮೊದಲು ಗಾಡಿ ಬಗ್ಗೆ ಎರಡು ಮಾತು. ಟಾಟಾಮೊಬೈಲ್ ಬಂದದ್ದು 1988ರಲ್ಲಿ, ಕಂಪನಿಗೆ ಇನ್ನೂ ಟೆಲ್ಕೊ ಅಂತ ಹೆಸರಿದ್ದಾಗ. ಅಲ್ಲಿವರೆಗೂ ಲಾರಿ, ಬಸ್ಸು ಮಾಡ್ತಿದ್ದ ಕಂಪನಿ ಕಾರಿನ ಹತ್ತಿರಕ್ಕೆ ಇಟ್ಟ ಹೆಜ್ಜೆ ಇದು. ಇದೇ ತಳಹದಿಯ ಮೇಲೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್, 1994ರಲ್ಲಿ ಸುಮೊ ಬಂದವು. ಎರಡು ಲೀಟರಿಗೆ ಸ್ವಲ್ಪ ಕಮ್ಮಿ ಡೀಸೆಲ್ ಎಂಜಿನ್, ಟರ್ಬೊ ಇಲ್ಲ, ಅರವತ್ತು ಚಿಲ್ಲರೆ ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಇಂಡಿಕಾ ನಮ್ಮ ಎಂಜಿನಿಯರಿಂಗಿನ ಹೆಮ್ಮೆ ಅಂತ ಹೇಳೋರು ಅದಕ್ಕಿಂತ ಹತ್ತು ವರ್ಷ ಮುಂಚಿನ ಈ ಪಿಕಪ್ಪನ್ನ ಮರೀತಾರೆ. ಇಂಥ ಗಾಡಿಗಳು ಬಹುಪಾಲು ದುಡಿದು ದುಡಿದು ಗುಜರಿಗೆ ಹೋದವು. ಒಳ್ಳೇ ಸ್ಥಿತಿಯಲ್ಲಿ ಉಳಿದಿದ್ದೇ ಅಪರೂಪ.

ಈಗ ವಿಡಿಯೊ. ಇಡೀ ಪ್ರಕಾರ ನಿಂತಿರೋದು ಉದ್ಧಾರದ ಕಥೆ ಮೇಲೆ. ಮುಳ್ಳುಕಂಟಿಯಲ್ಲಿ ಕೊಳೀತಿದ್ದ ಗಾಡಿ, ಅದನ್ನು ಕಾಪಾಡಲು ಬಂದ ನಾಯಕ, ಕೊನೆಗೆ ಪುನರ್ಜನ್ಮ. ನಿಜವಾಗ್ಲೂ ಕೊಳೆತ ಗಾಡಿಗೆ ಈ ಕಥೆ ಒಪ್ಪುತ್ತೆ. ಆದರೆ ಗಾಡಿ ಚೆನ್ನಾಗೇ ಇದ್ದರೆ? ಆಗ ಕಥೆಗೋಸ್ಕರ ಅದನ್ನು ಕೆಟ್ಟದಾಗಿ ತೋರಿಸಬೇಕಾಗುತ್ತೆ. ನಾನು ಹೇಳಿದ ವಿಡಿಯೊದಲ್ಲೂ ಅದೇ ಆಗಿದೆ. ‘ಮೊದಲು’ ಭಾಗ ಮಬ್ಬು ಬೆಳಕಿನಲ್ಲಿ, ತೊಳೆಯದ ಗಾಡಿ, ಹಿನ್ನೆಲೆಯಲ್ಲಿ ದುಃಖದ ವಾದ್ಯ. ‘ನಂತರ’ ಭಾಗ ಸಂಜೆ ಬಿಸಿಲಲ್ಲಿ. ಅದೇ ಸಂಜೆ ಬಿಸಿಲಲ್ಲಿ ಹಳೇ ಬಣ್ಣವನ್ನು ನಿಲ್ಲಿಸಿದ್ದರೆ ನೋಡುಗರು ಏನಂತಿದ್ದರು? ಆ ಹೋಲಿಕೆಗೆ ವಿಡಿಯೊ ಅವಕಾಶವನ್ನೇ ಕೊಡಲ್ಲ. ಮಾರಿದ ರೈತರು ಕೀಲಿ ಕೊಡುವಾಗ ಕೆಲವೇ ಸೆಕೆಂಡ್ ಕಾಣ್ತಾರೆ, ಮಾತೇ ಇಲ್ಲ. ಮೂವತ್ತು ವರ್ಷ ಗಾಡಿ ನೋಡಿಕೊಂಡವರು ಹಿನ್ನೆಲೆಯ ಮರದಂತೆ ನಿಂತಿದ್ದಾರೆ.

ಅವರಿಗೆ ಮಾತು ಕೊಟ್ಟಿದ್ದರೆ ಕಥೆ ಬೇರೆಯಾಗ್ತಿತ್ತು. ಊರಿಗೆ ಹೋದಾಗ ನನ್ನ ಹತ್ತಿರ ಅವರು ಹೇಳಿದ್ದು ಇಷ್ಟೇ: “ತಮ್ಮಾ, ಗಾಡಿಗೆ ನಾವೇನೂ ಮಾಡಿಲ್ಲಪ್ಪಾ. ಏನೂ ಮಾಡದಂಗ ನೋಡಿಕೊಂಡೀವಿ, ಅಷ್ಟ.” ಈ ‘ಏನೂ ಮಾಡದಂಗ ನೋಡಿಕೊಳ್ಳೋದು’ ಎಷ್ಟು ದೊಡ್ಡ ಕೆಲಸ ಅಂತ ಆ ಸೀಮೆಯವರಿಗೆ ಗೊತ್ತು. ಸಂಡೂರು ಗುಡ್ಡಗಳಿಂದ ಅದಿರು ಲಾರಿಗಳು ಸಾಲುಸಾಲಾಗಿ ಇಳೀತಿದ್ದ ವರ್ಷಗಳಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ, ಹೆದ್ದಾರಿ ಪಕ್ಕದ ಬೇವಿನ ಎಲೆಯೂ ಹಸಿರಾಗಿರಲಿಲ್ಲ. ಆ ಧೂಳು ಏರ್ ಫಿಲ್ಟರಿಗೆ, ಬಾಗಿಲ ಕೀಲಿಗೆ, ಗ್ಲಾಸ್ ಬೀಡಿಂಗಿಗೆ ನುಗ್ಗುತ್ತೆ. ಅಂಥ ಕಡೆ ಮೂವತ್ತು ವರ್ಷ ಬಣ್ಣ ಉಳಿಸೋದು ಅಂದ್ರೆ ನೆರಳು ಹುಡುಕಿ ನಿಲ್ಲಿಸೋದು, ಒಣ ಬಟ್ಟೇಲಿ ಒರೆಸದೆ ನೀರು ಹಾಕಿ ತೊಳೆಯೋದು, ಆಯಿಲ್ಲು ಫಿಲ್ಟರು ಹೊತ್ತಿಗೆ ಸರಿಯಾಗಿ ಬದಲಿಸೋದು. ಈ ಕೆಲಸಕ್ಕೆ ‘ನಂತರ’ ಅನ್ನೋ ಶಾಟ್ ಇಲ್ಲ. ಅದಕ್ಕೇ ಕ್ಯಾಮೆರಾಗೆ ಅದು ಕೆಲಸ ಅಂತಲೇ ಕಾಣಲ್ಲ.

ಹಿಂದಿನ ಡಾಲಾ ಬಾಗಿಲ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’ ಇತ್ತು. ಮೂವತ್ತು ಆಯುಧಪೂಜೆ ಕಂಡ ಅಕ್ಷರ. ಹೊದಿಕೆ ಅಂಟಿಸೋಕೆ ಮುಂಚೆ ಅದನ್ನು ಉಜ್ಜಿ ತೆಗೆದರು, ಅದೂ ಫಾಸ್ಟ್ ಫಾರ್ವರ್ಡ್‌ನಲ್ಲಿ.

ಇನ್ನು ಎಂಜಿನಿಯರಿಂಗ್. ಟೈರಿನ ವ್ಯಾಸ 700 ಮಿ.ಮೀ.ಯಿಂದ 770ಕ್ಕೆ ಏರಿಸಿದರೆ ಹತ್ತು ಪರ್ಸೆಂಟ್ ಹೆಚ್ಚಾಯ್ತು. ಸ್ಪೀಡೊಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಹೋಗ್ತಿರುತ್ತೆ. ಅದೇ ದೂರದಲ್ಲಿ ನಿಲ್ಲಿಸೋಕೆ ಬ್ರೇಕ್ ಹತ್ತು ಪರ್ಸೆಂಟ್ ಜಾಸ್ತಿ ತಿರುಚುಬಲ ಹಾಕಬೇಕು, ಬ್ರೇಕ್ ಮಾತ್ರ 1993ರದ್ದೇ. ಗೇರುಗಳೆಲ್ಲ ಅಷ್ಟೇ ಪ್ರಮಾಣದಲ್ಲಿ ಭಾರವಾಗ್ತವೆ, ಅರವತ್ತು ಚಿಲ್ಲರೆ ಅಶ್ವಶಕ್ತಿ ಸಂಡೂರು ಏರಿನಲ್ಲಿ ಏದುಸಿರು ಬಿಡುತ್ತೆ. ಸಸ್ಪೆನ್ಷನ್ ಎತ್ತರಿಸಿದರೆ ಗುರುತ್ವ ಕೇಂದ್ರವೂ ಮೇಲೇರುತ್ತೆ. ಖಾಲಿ ಇದ್ದಾಗ ಕುಣಿಯುತ್ತೆ ಅಂತ ಹಿಂದಿನ ಪಟ್ಟಿ ಸ್ಪ್ರಿಂಗಿನಿಂದ ಒಂದೆರಡು ಪಟ್ಟಿ ಬಿಚ್ಚಿಸೋರೂ ಇದ್ದಾರೆ. ಅದು ಕುಣಿಯೋದು ದೋಷ ಅಲ್ಲ, ಲೋಡ್ ಹೊರೋಕೆ ಮಾಡಿದ ಗಾಡಿಯ ಸ್ವಭಾವ. ನಾಲ್ಕು ಚೀಲ ಹಾಕಿ ನೋಡಿದ್ದರೆ ಗೊತ್ತಾಗ್ತಿತ್ತು.

ಆಫೀಸಿನಲ್ಲಿ ನಾವು ಹೊಸದಾಗಿ ಸೇರಿದವರಿಗೆ ಹೇಳೋದೇನು? ಹತ್ತು ವರ್ಷದಿಂದ ಓಡ್ತಿರೋ ಕೋಡನ್ನ ಮೊದಲು ಓದು, ಆ ವಿಚಿತ್ರ ಸಾಲು ಯಾಕಿದೆ ಅಂತ ತಿಳ್ಕೊ, ಆಮೇಲೆ ಮುಟ್ಟು. ಅಲ್ಲಾದರೂ ಹಿಂದಿನ ವರ್ಷನ್‌ಗೆ ವಾಪಸ್ ಹೋಗಬಹುದು. ಕಟರ್ ಹಾಕಿದ ಬಾಡಿಗೆ, ಉಜ್ಜಿದ ಮೂಲ ಬಣ್ಣಕ್ಕೆ ಬ್ಯಾಕಪ್ ಇಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಬುಲ್ ಬಾರ್ ಬಂಪರುಗಳ ವಿರುದ್ಧ 2017ರ ಡಿಸೆಂಬರಿನಲ್ಲೇ ಕೇಂದ್ರದ ಸೂಚನೆ ಬಂದಿದೆ. ಆದರೆ ದಂಡಕ್ಕಿಂತ ನನಗೆ ಮುಖ್ಯ ಅನ್ನಿಸೋದು 2021ರ ಜುಲೈನ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತೆ. ಷರತ್ತು: ಚಾಸಿ, ಬಾಡಿ, ಎಂಜಿನ್‌ಗೆ ದೊಡ್ಡ ಬದಲಾವಣೆ ಆಗಿರಬಾರದು. ಅಂದ್ರೆ ಕಾನೂನಿನ ಕಣ್ಣಲ್ಲಿ ಈ ಟಾಟಾಮೊಬೈಲ್ ಇನ್ನೂ ವಿಂಟೇಜ್ ಅಲ್ಲ, 2043ಕ್ಕೆ ಆಗಬಹುದು. ಎರಡು ದಶಕ ಮುಂಚೆಯೇ ಬಾಡಿಗೆ ಕಟರ್ ಹಾಕಿದರೆ ಆ ಬಾಗಿಲು ಮುಚ್ಚಿದ ಹಾಗೆ.

“ಹಾಗಾದ್ರೆ ಹಳ್ಳಿಯವರು ಗಾಡಿ ಮಾಡಿಫೈ ಮಾಡಿಸೋದೇ ಇಲ್ವಾ?” ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹುಲ್ಲು ಹೇರೋಕೆ ಡಾಲಾಗೆ ಎತ್ತರದ ಹಲಗೆ ಕಟ್ತಾರೆ, ಜೀಪಿಗೆ ಹಿಂದೆ ಬೆಂಚು ಹಾಕಿ ಹದಿನೈದು ಜನರನ್ನ ತುಂಬ್ತಾರೆ. ಹರಿಯಾಣದ ಮಂಡಿ ಡಬ್‌ವಾಲಿಯಲ್ಲಂತೂ ಹಳೇ ಜೀಪುಗಳನ್ನ ಬಿಚ್ಚಿ ಕಟ್ಟೋದೇ ದೊಡ್ಡ ವ್ಯಾಪಾರ. ಗಾಡಿ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕು ಅಂತ ನಾನು ಹೇಳ್ತಿಲ್ಲ. ಬದಲಾವಣೆಗಳಲ್ಲೂ ಒಳ್ಳೇದು ಕೆಟ್ಟದ್ದು ಇದೆ, ಅದನ್ನ ಅಳೆಯೋ ಕೋಲು ಬೇಕು ಅಂತಿದ್ದೀನಿ.

ಆ ಕೋಲು ನಮ್ಮ ಪಕ್ಕದಲ್ಲೇ ಇದೆ. ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥ, ಐವತ್ತು ರೂಪಾಯಿ ನೋಟಿನ ಮೇಲಿರೋದು. ನಮ್ಮ ಸೀಮೆಯ ಅತಿ ಪ್ರಸಿದ್ಧ ಗಾಡಿ ಅದು, ಮತ್ತು ಅದೂ ಮಾಡಿಫೈ ಆಗಿರೋ ಗಾಡಿ! ಮುಂದಿರುವ ಆನೆಗಳು ಮೂಲದವಲ್ಲ. ಅಲ್ಲಿ ಕುದುರೆಗಳಿದ್ದವು, ಅವುಗಳ ಹಿಂಗಾಲು, ಬಾಲದ ಗುರುತು ಆನೆಗಳ ಹಿಂದೆ ಇವತ್ತಿಗೂ ಕಾಣುತ್ತೆ. ರಥದ ತಲೆ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದಿದೆ, ಈಗ ಇಲ್ಲ. ಎರಡೂ ಬದಲಾವಣೆಗಳೇ. ಆದರೆ ಮೊದಲನೆಯದು ಹಿಂದಿನದರ ಸಾಕ್ಷಿ ಉಳಿಸಿದೆ, ಸ್ಥಳದಲ್ಲೇ ನಿಂತು ಓದಬಹುದು. ಎರಡನೆಯದು ಒಂದು ಹಳೇ ಫೋಟೊ ಇಲ್ಲದಿದ್ದರೆ ನಮಗೆ ಗೊತ್ತೂ ಆಗ್ತಿರಲಿಲ್ಲ.

ಹಳೇ ಪಿಕಪ್ಪಿಗೂ ಇದೇ ಪ್ರಶ್ನೆ ಕೇಳಬಹುದು: ಮಾಡಿದ್ದನ್ನು ಬಿಚ್ಚಿದರೆ ಹಳೇದು ಅಲ್ಲೇ ಇರುತ್ತಾ? ಹುಲ್ಲಿನ ಹಲಗೆ ಬಿಚ್ಚಿದರೆ ಡಾಲಾ ಹಾಗೇ ಇದೆ, ಪಾಸು. ಇರುವ ತೂತಿಗೇ ಬೋಲ್ಟ್ ಮಾಡಿದ ಸೀಟ್ ಬೆಲ್ಟು, ರಿಲೇ ಹಾಕಿ ಎಳೆದ ಹೊಸ ಹೆಡ್‌ಲೈಟ್ ವೈರಿಂಗು, ಪಾಸು. ಕತ್ತರಿಸಿದ ಫೆಂಡರ್, ವೆಲ್ಡ್ ಮಾಡಿದ ಚಾಸಿ, ಉಜ್ಜಿದ ಹುಲಿಗೆಮ್ಮ, ಫೇಲು.

ಮೊದಲ ಸಲ ಹಳೇ ಗಾಡಿ ತಗೊಳ್ಳೋರಿಗೆ ನನ್ನದೊಂದೇ ಕೋರಿಕೆ. ಒಂದು ಬೇಸಿಗೆ, ಒಂದು ಮಳೆಗಾಲ ಹಾಗೇ ಓಡಿಸಿ. ಖರ್ಚು ಮಾಡಲೇಬೇಕು ಅನ್ನಿಸಿದರೆ ಕಣ್ಣಿಗೆ ಕಾಣದ ಕಡೆ ಮಾಡಿ: ಬ್ರೇಕ್ ಪೈಪು, ರೇಡಿಯೇಟರ್ ಹೋಸು, ಎಂಜಿನ್ ಮೌಂಟಿಂಗು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2314 ಅಂತಿದ್ದರೆ 2014ನೇ ಇಸವಿಯ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿದ್ದರೂ ರಬ್ಬರ್ ಸತ್ತಿರುತ್ತೆ, ಅದೇ ಸೈಜಿನದು ಹೊಸದು ಹಾಕಿಸಿ. ಮಾರಿದವರ ಹತ್ತಿರ ಕೂತು ಯಾವಾಗ ಏನು ಮಾಡಿಸಿದ್ರಿ ಅಂತ ಕೇಳಿ ಬರಕೊಳ್ಳಿ. ವಿಡಿಯೊ ಮಾಡೋದಾದರೆ ಅದನ್ನೇ ಮಾಡಿ, ಅವರ ಮಾತು ಕತ್ತರಿಸಬೇಡಿ. ವರ್ಷ ಕಳೆದ ಮೇಲೂ ಗಾಡಿಯಲ್ಲಿ ಏನೋ ಕಮ್ಮಿ ಅನ್ನಿಸಿದರೆ ಆಗ ಬದಲಿಸಿ. ಅಷ್ಟೊತ್ತಿಗೆ ಕಮ್ಮಿಯಿರೋದು ಗಾಡಿಯಲ್ಲೋ ವಿಡಿಯೊದಲ್ಲೋ ಅನ್ನೋದು ನಿಮಗೇ ಗೊತ್ತಾಗಿರುತ್ತೆ.